ಮನೆಯಲ್ಲಿ ನಟರಾಜನ ವಿಗ್ರಹವಿದ್ದರೆ ದೋಷವೇ?

ಪ್ರಶ್ನೆ: ಮಗಳ ಭರತನಾಟ್ಯ ರಂಗಪ್ರವೇಶದ ದಿನ ಅವಳ ಗುರುಗಳು ಸುಮಾರು ಒಂದೂವರೆ ಅಡಿ ಎತ್ತರದ ಪಂಚಲೋಹದ ನಟರಾಜನನ್ನು ಹರಸಿ ಕೊಟ್ಟರು. ದೇವರ ಕೋಣೆಯಲ್ಲಿಟ್ಟು ಅಂದಿನಿಂದ ದಿನವೂ ಹೂವಿಟ್ಟು ದೀಪ ಹಚ್ಚುತ್ತ ಬಂದಿದ್ದೇನೆ. ಕಳೆದ ವರ್ಷ ಯಜಮಾನರು ಪಾಲುದಾರಿಕೆಯಲ್ಲಿ ನಡೆಸುತ್ತಿದ್ದ ಅಂಗಡಿ ಮುಚ್ಚಿತು. ಅದರ ಬೆನ್ನಿಗೇ ಆಸ್ತಿಯ ವಿಷಯದಲ್ಲಿ ಮೈದುನನೊಂದಿಗೆ ಮನಸ್ತಾಪವಾಯಿತು. ಮನೆ ನೋಡಲು ಬಂದ ವಾಸ್ತು ಹೇಳುವವರೊಬ್ಬರು, ರುದ್ರತಾಂಡವ ಆಡುವ ಶಿವನನ್ನು ಒಳಗಿಟ್ಟುಕೊಂಡರೆ ಮನೆಯೂ ನೆಲೆ ತಪ್ಪಿ ಕುಣಿಯುತ್ತದೆ, ಇದನ್ನು ಕೂಡಲೇ ಹೊಳೆಗೆ ಬಿಡಿ ಎಂದರು. ಅತ್ತೆಯವರಿಗೂ ಹಾಗೆಯೇ ಅನಿಸಿದೆ. ಮಗಳು ಮಾತ್ರ ಗುರುಗಳು ಕೊಟ್ಟದ್ದನ್ನು ಬಿಡುವುದು ಹೇಗೆಂದು ಅಳುತ್ತಾಳೆ. ಈ ಗೊಂದಲದ ನಡುವೆ ತೊಳೆಯುವಾಗ ಪ್ರಭಾವಳಿಯ ಒಂದು ಜ್ವಾಲೆ ಮುರಿದಿದೆ. ಚಿಕ್ಕಂದಿನಿಂದ ಶಿವನೇ ನನ್ನ ಇಷ್ಟದೈವ. ಈಗ ಅವನ ಮುಂದೆ ಕಣ್ಣು ಮುಚ್ಚಿದರೆ ಬೆಂಕಿ ಹಿಡಿದ ಕೈ ಮಾತ್ರ ಕಾಣುತ್ತದೆ. ನಾನು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನಟರಾಜನ ರೂಪ ಮನೆಗೆ ತಕ್ಕದ್ದೇ, ನಿಮ್ಮ ಮನೆಯ ಕಷ್ಟಕ್ಕೂ ಈ ವಿಗ್ರಹಕ್ಕೂ ಸಂಬಂಧವಿದೆಯೇ, ಭಯ ಹೊಕ್ಕ ಮನಸ್ಸಿನಿಂದ ಅವನನ್ನು ಮತ್ತೆ ಧ್ಯಾನಿಸುವುದು ಹೇಗೆ, ಮುರಿದ ಜ್ವಾಲೆಗೆ ಏನು ಮಾಡುವುದು ಎಂದು ನೀವು ಕೇಳುತ್ತಿದ್ದೀರಿ. ಆಗಮ ಮತ್ತು ಪ್ರತಿಮಾಶಾಸ್ತ್ರಗಳನ್ನು ಓದಿಸುತ್ತ ಬಂದ ನನಗೆ ಇಂಥ ಪತ್ರಗಳು ಹೊಸವಲ್ಲ; ಹನುಮಂತನ ಬಗ್ಗೆ, ಕಾಳಿಯ ಬಗ್ಗೆ, ಶನಿಯ ಬಗ್ಗೆ ಬರುವಂತೆಯೇ ನಟರಾಜನ ಬಗ್ಗೆಯೂ ಬರುತ್ತವೆ. ಮೊದಲೇ ಹೇಳಿಬಿಡುತ್ತೇನೆ: ರೂಪದಲ್ಲಿ ಯಾವ ದೋಷವೂ ಇಲ್ಲ, ಹೊಳೆಗೆ ಬಿಡುವ ಅಗತ್ಯ ಖಂಡಿತ ಇಲ್ಲ. ಆದರೆ ವಿಗ್ರಹದ ಗಾತ್ರದ ಬಗ್ಗೆ ಶಾಸ್ತ್ರದಲ್ಲಿ ಒಂದು ನಿಜವಾದ ಮಾತಿದೆ, ಅದನ್ನು ನಿಮಗೆ ಯಾರೂ ಹೇಳಿದಂತಿಲ್ಲ.

ನಿಮ್ಮ ಮನೆಯಲ್ಲಿರುವ ಮೂರ್ತಿ ರುದ್ರತಾಂಡವದ್ದಲ್ಲ. ಎಡಗಾಲನ್ನು ಮೇಲೆತ್ತಿ ಅಡ್ಡಕ್ಕೆ ಬೀಸಿ, ಬಲಗಾಲನ್ನು ಅಪಸ್ಮಾರನೆಂಬ ಕುಳ್ಳ ಅಸುರನ ಬೆನ್ನ ಮೇಲೂರಿ, ನಾಲ್ಕು ಕೈಗಳಲ್ಲಿ ಡಮರು, ಅಗ್ನಿ, ಅಭಯ ಮತ್ತು ಪಾದದತ್ತ ಚಾಚಿದ ಗಜಹಸ್ತವನ್ನು ತೋರುವ ಈ ರೂಪಕ್ಕೆ ಆನಂದತಾಂಡವ ಎಂದು ಹೆಸರು. ಚೋಳರ ಕಾಲದ ಕಂಚಿನ ಎರಕದ ಶಿಲ್ಪಿಗಳು ಇದನ್ನು ಪರಿಪೂರ್ಣತೆಗೆ ತಂದರು. ಇದರ ಮೂಲಸ್ಥಾನ ತಮಿಳುನಾಡಿನ ಚಿದಂಬರ ದೇವಾಲಯದ ಕನಕಸಭೆ. ಶಿವನ ತಾಂಡವಗಳನ್ನು ಸಾಮಾನ್ಯವಾಗಿ ಏಳು ಎಂದು ಎಣಿಸುವ ಪದ್ಧತಿಯಿದ್ದು, ಸಂಹಾರತಾಂಡವ ಅವುಗಳಲ್ಲಿ ಒಂದು ಮಾತ್ರ. ಶಿವನ ಮೂರ್ತಿಗಳನ್ನು ವಿಂಗಡಿಸುವಾಗಲೂ ಗಜಾಸುರನನ್ನು ಸೀಳುವ, ಕಾಲನನ್ನು ಒದೆಯುವ, ತ್ರಿಪುರಗಳನ್ನು ಸುಡುವ ರೂಪಗಳು ಸಂಹಾರಮೂರ್ತಿಗಳೆಂಬ ಗುಂಪಿಗೆ ಸೇರುತ್ತವೆ. ನಟರಾಜ ಸೇರುವುದು ನೃತ್ತಮೂರ್ತಿಗಳ ಗುಂಪಿಗೆ. ಉಗ್ರರೂಪಗಳನ್ನು ಊರ ಹೊರಗೆ ಪ್ರತಿಷ್ಠಾಪಿಸಬೇಕೆಂದು ಶಿಲ್ಪಗ್ರಂಥಗಳು ಹೇಳುವುದು ನಿಜ, ಆದರೆ ಆ ಮಾತು ಈ ಮೂರ್ತಿಗೆ ಅನ್ವಯಿಸುವುದಿಲ್ಲ. ನಿಮಗೆ ಸಲಹೆ ಕೊಟ್ಟವರು ಎರಡು ಗುಂಪುಗಳನ್ನು ಒಂದು ಮಾಡಿದ್ದಾರೆ.

ಸಂಸಾರಿಗಳ ಮನೆಗೆ ಇದು ಒಗ್ಗದೆಂಬ ಮಾತಿಗೆ ಚಿದಂಬರದ ಪದ್ಧತಿಯೇ ಉತ್ತರ. ಅಲ್ಲಿ ನಟರಾಜನನ್ನು ಪೂಜಿಸುವ ದೀಕ್ಷಿತರೆಲ್ಲ ಗೃಹಸ್ಥರು. ಮದುವೆಯಾದ ಮೇಲೆಯೇ ಅವರಿಗೆ ಪೂಜೆಯ ಅಧಿಕಾರ ಬರುವುದು. ನೃತ್ಯವನ್ನು ನೋಡುತ್ತ ಶಿವಕಾಮಸುಂದರಿ, ಎಂದರೆ ಪಾರ್ವತಿ, ಪಕ್ಕದಲ್ಲೇ ನಿಂತಿದ್ದಾಳೆ. ಶಾಸ್ತ್ರೋಕ್ತವಾದ ನಟರಾಜನ ಎರಡು ಕಿವಿಗಳನ್ನು ಗಮನಿಸಿದರೆ ಬಲಗಿವಿಯಲ್ಲಿ ಗಂಡಸರ ಕುಂಡಲವೂ ಎಡಗಿವಿಯಲ್ಲಿ ಹೆಂಗಸರ ಓಲೆಯೂ ಕಾಣುತ್ತವೆ, ಏಕೆಂದರೆ ಕುಣಿಯುವ ಆ ದೇಹದ ಅರ್ಧ ಉಮೆಯದು. ನಮ್ಮ ನಾಡಿನಲ್ಲೂ ನೋಡಿ. ಆರನೆಯ ಶತಮಾನದ ಬಾದಾಮಿಯ ಮೊದಲ ಗುಹೆಯ ಹದಿನೆಂಟು ತೋಳಿನ ಶಿವ ಕುಣಿಯುವಾಗ ಪಕ್ಕದಲ್ಲಿ ಪುಟ್ಟ ಗಣಪತಿಯಿದ್ದಾನೆ; ಐಹೊಳೆಯ ರಾವಣಫಡಿಯಲ್ಲಿ ಪಾರ್ವತಿ, ಗಣಪತಿ, ಸಪ್ತಮಾತೃಕೆಯರು ಸುತ್ತ ನಿಂತಿದ್ದಾರೆ. ಮನೆಮಂದಿಯೆಲ್ಲ ಜೊತೆಗಿರುವ ಈ ಕುಣಿತವನ್ನು ಮನೆಮುರುಕತನವೆಂದು ಓದಲು ಬಹಳ ಕಷ್ಟಪಡಬೇಕಾಗುತ್ತದೆ.

ಹಾಗಾದರೆ ಈ ಭಯ ಎಲ್ಲಿಂದ ಬಂತು? ರೂಢಿಯಲ್ಲಿಲ್ಲದ್ದು ನಿಧಾನವಾಗಿ ನಿಷಿದ್ಧವೆಂದು ಕರೆಸಿಕೊಂಡದ್ದು ನನಗೆ ಕಾಣುವ ಮುಖ್ಯ ಕಾರಣ. ಮನೆಯ ಶಿವಪೂಜೆ ಬಹುಕಾಲದಿಂದ ಲಿಂಗಪೂಜೆಯೇ ಆಗಿತ್ತು. ಐದು ದೇವತೆಗಳನ್ನು ಒಟ್ಟಿಗೆ ಪೂಜಿಸುವ ಪಂಚಾಯತನದಲ್ಲಿ ಬಾಣಲಿಂಗ, ಕೆಲವು ಮನೆಗಳಲ್ಲಿ ಸ್ಫಟಿಕಲಿಂಗ, ವೀರಶೈವ ಲಿಂಗಾಯತರಲ್ಲಿ ಅಂಗೈಯ ಇಷ್ಟಲಿಂಗ. ನಟರಾಜನಾದರೋ ದೇವಾಲಯದ ಉತ್ಸವಮೂರ್ತಿ. ಇಪ್ಪತ್ತನೆಯ ಶತಮಾನದಲ್ಲಿ, ಮುಖ್ಯವಾಗಿ 1936ರಲ್ಲಿ ಚೆನ್ನೈನಲ್ಲಿ ಕಲಾಕ್ಷೇತ್ರವೆಂಬ ನೃತ್ಯಸಂಸ್ಥೆಯನ್ನು ಕಟ್ಟಿದ ರುಕ್ಮಿಣಿದೇವಿ ಅರುಂಡೇಲ್ ಅವರ ಕಾಲದಲ್ಲಿ, ನೃತ್ಯದ ವೇದಿಕೆಯ ಮೇಲೆ ನಟರಾಜನನ್ನಿಡುವ ಪದ್ಧತಿ ಬಲಗೊಂಡಿತು. ಅಲ್ಲಿಂದ ಅವನು ನೃತ್ಯ ಕಲಿಯುವವರ ಮನೆಗಳಿಗೆ, ಆಮೇಲೆ ಉಡುಗೊರೆಯಾಗಿ ಎಲ್ಲರ ಮನೆಗಳಿಗೆ ಬಂದ. ಅಜ್ಜಿಯ ಕಾಲದಲ್ಲಿ ನಮ್ಮ ಮನೆಯಲ್ಲಿರಲಿಲ್ಲ ಎಂಬ ಸತ್ಯವಾದ ನೆನಪಿನ ಹಿಂದಿನ ಕಾರಣ ಮರೆತುಹೋಗಿ, ಇಡಬಾರದಾಗಿತ್ತು ಎಂಬ ಸುಳ್ಳಾದ ತೀರ್ಮಾನ ಉಳಿಯಿತು. ಶಿವನನ್ನು ಲಯಕರ್ತನೆಂದು ಮಾತ್ರ ಹೇಳಿಕೊಡುವ ಪಾಠ, ಸಿನಿಮಾಗಳಲ್ಲಿ ಸಿಡಿಲು ಮಿಂಚಿನೊಡನೆ ತೋರಿಸುವ ತಾಂಡವ ಇವೆಲ್ಲ ಅದಕ್ಕೆ ಬಣ್ಣ ಹಚ್ಚಿದವು. ಇದಕ್ಕೆ ಪ್ರತಿಯಾಗಿ, ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನದ ಪ್ರಯೋಗಾಲಯಕ್ಕೆ 2004ರಲ್ಲಿ ಭಾರತ ಕೊಟ್ಟ ನಟರಾಜನನ್ನು ತೋರಿಸಿ ವಿಜ್ಞಾನಿಗಳೇ ಒಪ್ಪಿದ್ದಾರೆ ಎನ್ನುವವರೂ ಇದ್ದಾರೆ. ಆ ಪ್ರತಿಮೆ ಅಲ್ಲಿರುವುದು ನಿಜ, ಆದರೆ ನಿಮ್ಮ ದೇವರ ಕೋಣೆಯ ಪ್ರಶ್ನೆಗೆ ಅದು ಉತ್ತರವಾಗಲಾರದು.

ಇನ್ನು ಗಾತ್ರದ ಮಾತು. ಮನೆಯಲ್ಲಿ ಪೂಜಿಸುವ ಪ್ರತಿಮೆ ಹೆಬ್ಬೆರಳ ಗಿಣ್ಣಿನಷ್ಟರಿಂದ ತೊಡಗಿ ಒಂದು ಗೇಣಿನವರೆಗೆ ಇರಬಹುದು, ಅದಕ್ಕಿಂತ ದೊಡ್ಡದು ಪ್ರಶಸ್ತವಲ್ಲ ಎಂದು ಮತ್ಸ್ಯಪುರಾಣ ಹೇಳುತ್ತದೆ. ಗೇಣೆಂದರೆ ಶಾಸ್ತ್ರದ ಅಳತೆಯಲ್ಲಿ ಹನ್ನೆರಡು ಅಂಗುಲ, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂಬತ್ತು ಇಂಚು. ನಿಮ್ಮ ವಿಗ್ರಹ ಅದಕ್ಕೆ ಇಮ್ಮಡಿಯಿದೆ. ಈ ನಿಯಮ ಯಾವ ದೇವತೆಗೂ ವಿನಾಯಿತಿ ಕೊಡುವುದಿಲ್ಲವಾದ್ದರಿಂದ ಒಂದೂವರೆ ಅಡಿಯ ಕೃಷ್ಣನಿಗೂ ಲಕ್ಷ್ಮಿಗೂ ಅದು ಸಮಾನವಾಗಿಯೇ ಸಲ್ಲುತ್ತದೆ. ಅವುಗಳ ವಿಷಯದಲ್ಲಿ ಯಾರೂ ಭಯಪಡದಿರುವುದು ಕುತೂಹಲದ ಸಂಗತಿ. ಇದರ ಹಿಂದಿರುವ ವಿಚಾರ ಸರಳವಾದದ್ದು. ಮೂರ್ತಿ ದೊಡ್ಡದಾದಷ್ಟೂ ಅಭಿಷೇಕ, ಅಲಂಕಾರ, ನೈವೇದ್ಯಗಳ ಭಾರವೂ ಮಡಿಯ ಕಟ್ಟುಪಾಡೂ ಹೆಚ್ಚುತ್ತವೆ, ದೇವಾಲಯದ ಸಿಬ್ಬಂದಿ ಮಾಡುವ ಕೆಲಸ ಮನೆಯ ಹೆಂಗಸೊಬ್ಬಳ ತಲೆಯ ಮೇಲೆ ಬೀಳುತ್ತದೆ, ಒಂದು ದಿನ ತಪ್ಪಿದರೂ ಅಪರಾಧಭಾವ ಕಾಡುತ್ತದೆ. ಚಿದಂಬರದಲ್ಲಿಯೂ ಕನಕಸಭೆಯ ನಟರಾಜನಿಗೆ ಮಹಾಭಿಷೇಕವಾಗುವುದು ವರ್ಷಕ್ಕೆ ಆರು ಬಾರಿ ಮಾತ್ರ. ದಿನದಿನದ ಅಭಿಷೇಕ ಪುಟ್ಟ ಸ್ಫಟಿಕಲಿಂಗಕ್ಕೆ. ದೊಡ್ಡದನ್ನು ನೋಡುವುದಕ್ಕೂ ಚಿಕ್ಕದನ್ನು ನಿತ್ಯಪೂಜೆಗೂ ಇಟ್ಟುಕೊಂಡಿರುವ ಆ ವ್ಯವಸ್ಥೆಯನ್ನು ನೀವೂ ಅನುಸರಿಸಬಹುದು, ಮುಂದೆ ಅದನ್ನು ವಿವರಿಸುತ್ತೇನೆ.

ಅಂಗಡಿ ಮುಚ್ಚಿದ್ದಕ್ಕೂ ಮೈದುನನ ಜಗಳಕ್ಕೂ ವಿಗ್ರಹ ಕಾರಣವೇ ಎಂಬುದರ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಅದು ನಿಮ್ಮ ಮನೆಗೆ ಬಂದ ಮೇಲೆ ಅಂಗಡಿ ಚೆನ್ನಾಗಿ ನಡೆದ ವರ್ಷಗಳೂ ಇದ್ದವು, ಆ ವರ್ಷಗಳ ಶ್ರೇಯಸ್ಸನ್ನು ಯಾರೂ ಅದಕ್ಕೆ ಕೊಡಲಿಲ್ಲ. ಪಾಲುದಾರಿಕೆ ಮುರಿಯುವುದಕ್ಕೆ ಲೆಕ್ಕಪತ್ರದಲ್ಲಿ ಕಾರಣಗಳಿರುತ್ತವೆ, ಆಸ್ತಿಯ ಮನಸ್ತಾಪಕ್ಕೆ ಹಿರಿಯರು ಬರೆದಿಡದೆ ಹೋದ ಪಾಲಿನಲ್ಲಿ ಕಾರಣಗಳಿರುತ್ತವೆ. ಕುಟುಂಬದೊಳಗೆ ಯಾರ ಕಡೆಗೂ ಬೆರಳು ತೋರಿಸಲಾಗದಿದ್ದಾಗ ಮಾತನಾಡದ ವಸ್ತುವೊಂದರ ಕಡೆಗೆ ಬೆರಳು ತಿರುಗುವುದನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಅದರಿಂದ ತುಸು ಹೊತ್ತು ಸಮಾಧಾನ ಸಿಗುವುದು ಹೌದು, ಆದರೆ ಲೆಕ್ಕಪತ್ರ ಮತ್ತು ಪಾಲಿನ ವಿಷಯಗಳು ಇದ್ದಲ್ಲೇ ಇರುತ್ತವೆ. ಶಾಂತಿ, ಹೋಮ, ಪ್ರಾಯಶ್ಚಿತ್ತಗಳಿಗಾಗಿ ಯಾರಾದರೂ ದೊಡ್ಡ ಮೊತ್ತ ಹೇಳಿದರೆ ಒಪ್ಪಬೇಡಿ. ಇಲ್ಲದ ದೋಷಕ್ಕೆ ಪ್ರಾಯಶ್ಚಿತ್ತವಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು, ಕಣ್ಣು ಮುಚ್ಚಿದರೆ ಬೆಂಕಿಯ ಕೈ ಮಾತ್ರ ಕಾಣುತ್ತದೆ ಎಂಬ ಸಾಲು. ಶೈವಾಗಮಗಳು ಶಿವನಿಗೆ ಐದು ಕೃತ್ಯಗಳನ್ನು ಹೇಳುತ್ತವೆ: ಸೃಷ್ಟಿ, ಸ್ಥಿತಿ, ಸಂಹಾರ, ತಿರೋಭಾವ, ಅನುಗ್ರಹ. ನಟರಾಜನ ಮೂರ್ತಿ ಈ ಐದನ್ನೂ ಒಂದೇ ಗಳಿಗೆಯಲ್ಲಿ ಕಾಣಿಸುತ್ತದೆ. ಡಮರುವಿನಿಂದ ಸೃಷ್ಟಿ, ಅಭಯಹಸ್ತದಿಂದ ಸ್ಥಿತಿ, ಅಗ್ನಿಯಿಂದ ಸಂಹಾರ, ಊರಿದ ಪಾದದಿಂದ ತಿರೋಭಾವ, ಎತ್ತಿದ ಪಾದದಿಂದ ಅನುಗ್ರಹ. ನೀವು ಕಾಣುತ್ತಿರುವುದು ಐದರಲ್ಲಿ ಒಂದನ್ನು. ಬೆಂಕಿಯನ್ನು ಹಿಡಿದ ಕೈಗೆ ಸರಿಸಮಾನ ಎತ್ತರದಲ್ಲಿ ಇನ್ನೊಂದು ಬದಿಗೆ ಡಮರುವಿದೆ, ಇವೆರಡರ ನಡುವೆ ಯಾವ ಕಡೆಗೂ ವಾಲದ ಮುಖವಿದೆ. ಮುಂದಿನ ಕೈ ಹೆದರಬೇಡ ಎನ್ನುತ್ತಿದೆ, ಅದರ ಮೇಲೆ ಅಡ್ಡಲಾಗಿ ಹಾಯುವ ಇನ್ನೊಂದು ಕೈ, ನೋಡಬೇಕಾದದ್ದು ಇದನ್ನು ಎಂಬಂತೆ, ಎತ್ತಿದ ಪಾದದ ಕಡೆಗೆ ಬಾಗಿದೆ. ಭಕ್ತನ ಕಣ್ಣು ಎಲ್ಲಿಗೆ ಹೋಗಬೇಕೆಂದು ಶಿಲ್ಪವೇ ತೋರಿಸಿಕೊಡುವ ಮೂರ್ತಿಗಳು ಬಹಳವಿಲ್ಲ.

ಸಂಹಾರವನ್ನೂ ಶೈವಸಿದ್ಧಾಂತ ನಾವು ಹೆದರುವ ಅರ್ಥದಲ್ಲಿ ಹೇಳುವುದಿಲ್ಲ. ಹುಟ್ಟಿ ಹುಟ್ಟಿ ದಣಿದ ಜೀವಕ್ಕೆ ಕೊಡುವ ವಿಶ್ರಾಂತಿಯೆಂದು ಅದನ್ನು ವಿವರಿಸುತ್ತದೆ. ಆದರೆ ನಿಮ್ಮ ಸ್ಥಿತಿಗೆ ಹೆಚ್ಚು ಹತ್ತಿರವಾದದ್ದು, ಸಾಮಾನ್ಯವಾಗಿ ಯಾರೂ ಮಾತನಾಡದ ತಿರೋಭಾವ ಎಂದು ನನಗೆ ತೋರುತ್ತದೆ. ದೇವರು ತನ್ನನ್ನು ಮರೆಮಾಡಿಕೊಳ್ಳುವುದು ತಿರೋಭಾವ. ಕೇಳಿದರೆ ಇದು ಕ್ರೂರವೆನಿಸುತ್ತದೆ. ಆದರೂ ಶಾಸ್ತ್ರ ಅದನ್ನು ಕೃಪೆಯ ಒಂದು ಮುಖವೆಂದೇ ಎಣಿಸುತ್ತದೆ, ಏಕೆಂದರೆ ಜೀವವು ತನ್ನ ಅನುಭವವನ್ನು ಉಂಡು ಪಕ್ವವಾಗಲು ಆ ಮರೆ ಬೇಕಂತೆ. ಒಂದು ವರ್ಷದ ಕಷ್ಟದಲ್ಲಿ ನೀವು ಶಿವನನ್ನು ಕಾಣದೆ ಹೋದದ್ದನ್ನು ಅವನ ಕೋಪವೆಂದು ತಿಳಿಯಬೇಕಾಗಿಲ್ಲ. ಅದು ಐದು ಕೃತ್ಯಗಳ ಒಳಗೇ ಇರುವ ಸ್ಥಿತಿ, ಆ ಮೂರ್ತಿಯಲ್ಲೇ ಅದಕ್ಕೆ ಒಂದು ಜಾಗವಿದೆ, ಅದನ್ನು ಸೂಚಿಸುವ ಪಾದದ ಪಕ್ಕದಲ್ಲಿಯೇ ಅನುಗ್ರಹದ ಪಾದವೂ ಇದೆ.

ಆ ಪಾದದ ಕೆಳಗಿರುವ ಅಪಸ್ಮಾರನನ್ನೂ ಸ್ವಲ್ಪ ಹೊತ್ತು ನೋಡಿ. ದಾರುಕವನದ ಕಥೆ ನಿಮಗೆ ಗೊತ್ತಿರಬಹುದು: ಕರ್ಮದ ಅಹಂಕಾರದಲ್ಲಿದ್ದ ಋಷಿಗಳು ಹೋಮಕುಂಡದಿಂದ ಹುಲಿಯನ್ನು ಶಿವನ ಮೇಲೆ ಬಿಟ್ಟರು, ಅವನು ಅದರ ಚರ್ಮವನ್ನು ಉಟ್ಟ, ಹಾವನ್ನು ಬಿಟ್ಟರು, ಆಭರಣವಾಗಿ ತೊಟ್ಟ, ಕೊನೆಗೆ ಈ ಕುಳ್ಳ ಅಸುರನನ್ನು ಕಳಿಸಿದರು, ಅವನ ಬೆನ್ನನ್ನು ಮೆಟ್ಟಿ ಕುಣಿಯತೊಡಗಿದ. ಕೊಲ್ಲಲು ಬಂದವುಗಳೆಲ್ಲ ಅವನ ಅಲಂಕಾರದ ಭಾಗವಾದವು, ಮರೆವಿನ ರೂಪವಾದ ಅಪಸ್ಮಾರ ಮಾತ್ರ ಸಾಯದೆ ಕಾಲಡಿಯಲ್ಲಿ ತಲೆಯೆತ್ತಿ ನೋಡುತ್ತಲೇ ಉಳಿದ. ಮರೆವು ಪೂರ್ತಿ ಸಾಯುವುದಿಲ್ಲ, ಅದನ್ನು ದಿನವೂ ಮೆಟ್ಟಿ ನಿಲ್ಲಬೇಕು ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ. ಭಯ ಬಂದದ್ದಕ್ಕೆ ನಾಚಿಕೊಳ್ಳಬೇಡಿ. ಈ ಭಂಗಿಯನ್ನು ವಿದ್ವಾಂಸರು ನಾಟ್ಯಶಾಸ್ತ್ರದ 108 ಕರಣಗಳಲ್ಲಿ, ಎಂದರೆ ಕೈಕಾಲು ಕೂಡಿದ ನೃತ್ಯಚಲನೆಗಳಲ್ಲಿ, ಭುಜಂಗತ್ರಾಸಿತವೆಂದು ಗುರುತಿಸುತ್ತಾರೆ, ನಿಮ್ಮ ಮಗಳನ್ನು ಕೇಳಿದರೆ ಮಾಡಿ ತೋರಿಸಿಯಾಳು: ಪಕ್ಕದಲ್ಲಿ ಹಾವು ಕಂಡವನು ಬೆಚ್ಚಿ ಕಾಲೆತ್ತುವ ಚಲನೆ ಅದು. ಬೆಚ್ಚಿದವನ ಚಲನೆಯನ್ನೇ ನೃತ್ಯ ತನ್ನದಾಗಿಸಿಕೊಂಡಿದೆ. ಕಾಲು ಹಾಗೆಯೇ ಮೇಲಿದೆ, ಮುಖದಲ್ಲಿ ಬೆಚ್ಚಿದ ಗುರುತಿಲ್ಲ.

ಧ್ಯಾನಕ್ಕೆ ನಾನು ಸೂಚಿಸುವ ಕ್ರಮ ಹೀಗಿದೆ. ಕೆಲವು ದಿನ ಕಣ್ಣು ಮುಚ್ಚಬೇಡಿ. ಸಂಜೆಯ ದೀಪದ ಹೊತ್ತಿನಲ್ಲಿ ಮೂರ್ತಿಯೆದುರು ಕುಳಿತು ದೃಷ್ಟಿಯನ್ನು ಡಮರುವಿನಿಂದ ಅಭಯಹಸ್ತಕ್ಕೆ, ಅಲ್ಲಿಂದ ಅಗ್ನಿಗೆ, ಊರಿದ ಪಾದಕ್ಕೆ, ಕೊನೆಗೆ ಎತ್ತಿದ ಪಾದಕ್ಕೆ ನಿಧಾನವಾಗಿ ಒಯ್ಯಿರಿ. ಪ್ರತಿ ನಿಲುಗಡೆಯಲ್ಲೂ ಪಂಚಾಕ್ಷರಿಯನ್ನು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಳ್ಳಿ. ಅಗ್ನಿಯನ್ನು ದಾಟಿಹೋಗುವ ಆತುರ ಬೇಡ, ಅಲ್ಲೇ ಅಂಟಿಕೊಳ್ಳುವುದೂ ಬೇಡ. ಹೀಗೆ ನೋಡುವುದು ಅಭ್ಯಾಸವಾದ ಮೇಲೆ ಕಣ್ಣು ಮುಚ್ಚಿದರೆ ಇಡೀ ರೂಪ ಬರುತ್ತದೆ. ಇಷ್ಟಾಗಿಯೂ ಎದೆ ಹೊಡೆದುಕೊಳ್ಳುವುದು, ನಿದ್ದೆ ಕೆಡುವುದು ವಾರಗಟ್ಟಲೆ ಮುಂದುವರಿದರೆ ವೈದ್ಯರ ಬಳಿ ಹೋಗಬೇಕು. ಸಾಲ ಮತ್ತು ಜಗಳಗಳ ವರ್ಷದಲ್ಲಿ ದೇಹಕ್ಕೂ ದಣಿವಾಗಿರುತ್ತದೆ, ಅದನ್ನು ಪೂಜೆಯಿಂದಲೇ ಸರಿಪಡಿಸಬೇಕೆಂಬ ಹಟ ಒಳ್ಳೆಯದಲ್ಲ.

ವಿಗ್ರಹವನ್ನು ಏನು ಮಾಡುವುದು ಎಂಬುದಕ್ಕೆ ನಿಮ್ಮ ಮುಂದೆ ಕೆಲವು ದಾರಿಗಳಿವೆ. ನನ್ನ ಆಯ್ಕೆ ಕೇಳಿದರೆ, ದೊಡ್ಡ ಮೂರ್ತಿಯನ್ನು ದೇವರ ಕೋಣೆಯಿಂದ ಹೊರತಂದು, ಮಗಳು ಅಭ್ಯಾಸ ಮಾಡುವ ಜಾಗದಲ್ಲಿ ಎತ್ತರದ ಪೀಠದ ಮೇಲಿಡಿ, ನಿತ್ಯಪೂಜೆಗೆ ಗೇಣಿನೊಳಗಿನ ಲಿಂಗವನ್ನೋ ಪುಟ್ಟ ಮೂರ್ತಿಯನ್ನೋ ದೇವರ ಕೋಣೆಯಲ್ಲಿಟ್ಟುಕೊಳ್ಳಿ. ಪ್ರಾಣಪ್ರತಿಷ್ಠೆಯಾಗದ ಉಡುಗೊರೆಯ ಮೂರ್ತಿಗೆ ಷೋಡಶೋಪಚಾರದ, ಎಂದರೆ ಹದಿನಾರು ಬಗೆಯ ಪೂಜೆಯ, ಹಂಗಿಲ್ಲ. ಹೂವೊಂದನ್ನಿಟ್ಟು ನಮಸ್ಕರಿಸಿದರೆ ಸಾಕು, ಇಡದಿದ್ದರೂ ಅಪರಾಧವಿಲ್ಲ. ಇದರಲ್ಲಿ ಇರುವ ತೊಡಕೆಂದರೆ ಅತ್ತೆಯವರು ಅದನ್ನು ಎಲ್ಲಿದ್ದರೂ ಕಾಣುತ್ತಾರೆ. ಅವರನ್ನು ವಾದದಲ್ಲಿ ಸೋಲಿಸಲು ಹೋಗದೆ, ಗಾತ್ರದ ಕಾರಣಕ್ಕೆ ದೇವರ ಕೋಣೆಯಿಂದ ತೆಗೆದಿದ್ದೇವೆ ಎಂದು ಶಾಸ್ತ್ರದ ಮಾತನ್ನೇ ಹೇಳಿ. ಅದು ಸತ್ಯವೂ ಹೌದು, ಅವರ ಆತಂಕಕ್ಕೆ ಗೌರವ ಕೊಟ್ಟಂತೆಯೂ ಹೌದು.

ಇದ್ದಲ್ಲಿಯೇ ಇಟ್ಟು ಪೂಜೆ ಮುಂದುವರಿಸಿದರೂ ಪಾಪವಿಲ್ಲ, ಆದರೆ ಈಗಾಗಲೇ ಅಂಜಿದ ನಿಮಗೆ ದಿನವೊಂದು ತಪ್ಪಿದರೂ ಅಂಜಿಕೆ ಇಮ್ಮಡಿಸೀತು. ಮಗಳ ಗುರುಗಳಿಗೆ ಅಥವಾ ನೃತ್ಯಶಾಲೆಗೆ ಒಪ್ಪಿಸುವುದು ಗೌರವದ ದಾರಿಯೇ. ಮಗಳು ತಾನಾಗಿ ಒಪ್ಪಿದರೆ ಮಾತ್ರ ಅದನ್ನು ಮಾಡಿ, ಇಲ್ಲವಾದರೆ ಅಪ್ಪನ ಅಂಗಡಿ ಮುಚ್ಚಲು ತನ್ನ ನೃತ್ಯ ಕಾರಣವಾಯಿತೆಂಬ ಭಾವನೆ ಅವಳಲ್ಲಿ ಬೇರೂರಬಹುದು. ದೇವಾಲಯಕ್ಕೆ ಕೊಡಬಹುದೆಂದು ಅನೇಕರು ಸೂಚಿಸುತ್ತಾರೆ, ಆದರೆ ಆಗಮೋಕ್ತವಾಗಿ ನಡೆಯುವ ದೇವಾಲಯಗಳು ಹೊರಗಿನ ಮೂರ್ತಿಗಳನ್ನು ಪೂಜೆಗೆ ಸುಲಭವಾಗಿ ಸೇರಿಸಿಕೊಳ್ಳುವುದಿಲ್ಲ, ಹಾಗೆ ಕೊಟ್ಟವು ಉಗ್ರಾಣದ ಮೂಲೆ ಸೇರಿದ್ದನ್ನು ನೋಡಿದ್ದೇನೆ.

ಹೊಳೆಗೆ ಬಿಡುವುದು ಎಲ್ಲಕ್ಕಿಂತ ಕೆಟ್ಟ ದಾರಿ. ವಿಸರ್ಜನೆ ಇರುವುದು ಚೌತಿಯ ಗಣಪತಿಯಂಥ ಮಣ್ಣಿನ ಮೂರ್ತಿಗೆ, ನಿಯತ ಕಾಲಕ್ಕೆಂದು ಆವಾಹನೆ ಮಾಡಿದ್ದನ್ನು ಮಣ್ಣಾಗಿ ಮರಳಿಸುವುದಕ್ಕೆ. ಲೋಹ ಕರಗುವುದಿಲ್ಲ; ನೀರಿಳಿದಾಗ ಯಾರ ಕೈಗೋ ಸಿಗುತ್ತದೆ, ಕಳವಿನ ಮಾಲೆಂಬ ಅನುಮಾನದಲ್ಲಿ ಪೊಲೀಸ್ ಠಾಣೆ ಸೇರುತ್ತದೆ. ಇಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು: ನಿಮ್ಮದು ಹೊಸದಾಗಿ ಎರಕ ಹೊಯ್ಸಿದ್ದು ಎಂದೇ ಪತ್ರದಿಂದ ಊಹಿಸಿದ್ದೇನೆ. ಗುರುಗಳ ಮನೆತನದಲ್ಲಿ ತಲೆಮಾರುಗಳಿಂದ ಬಂದದ್ದಾಗಿದ್ದರೆ ಕೇಳಿ ತಿಳಿದುಕೊಳ್ಳಿ. ನೂರು ವರ್ಷಕ್ಕೂ ಹಳೆಯ ವಿಗ್ರಹಗಳು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ನೋಂದಣಿಯಿಲ್ಲದೆ ಇಟ್ಟುಕೊಳ್ಳುವುದೂ ಕೈಬದಲಾಯಿಸುವುದೂ ತೊಂದರೆಗೆ ದಾರಿ.

ಮುರಿದ ಜ್ವಾಲೆಯ ವಿಷಯ ಇವೆಲ್ಲಕ್ಕಿಂತ ಹಗುರವಾದದ್ದು. ತಲೆ, ಕೈಕಾಲುಗಳಂಥ ಮುಖ್ಯ ಅಂಗಗಳು ಭಗ್ನವಾದರೆ ಮೂರ್ತಿಯನ್ನು ಪೂಜೆಯಿಂದ ತೆಗೆಯಬೇಕಾಗುತ್ತದೆ. ಪ್ರಭಾವಳಿ, ಆಯುಧ, ಆಭರಣಗಳಿಗೆ ಆದ ಊನವನ್ನು ಸರಿಪಡಿಸಿಕೊಂಡು ಮುಂದುವರಿಯಬಹುದು. ಮುರಿದ ತುಂಡನ್ನು ಎಸೆಯದೆ ಬಟ್ಟೆಯಲ್ಲಿ ಸುತ್ತಿಟ್ಟು, ವಿಗ್ರಹದ ಕೆಲಸ ಬಲ್ಲ ಕಂಚುಗಾರರ ಬಳಿ ಕೊಂಡುಹೋಗಿ ಬೆಸುಗೆ ಹಾಕಿಸಿ. ಯಂತ್ರದಿಂದ ಉಜ್ಜಿ ಹೊಳಪು ಕೊಡಿಸಬೇಡಿ, ಮುಖದ ಸೂಕ್ಷ್ಮ ಗೆರೆಗಳು ಸವೆದುಹೋಗುತ್ತವೆ. ಹುಣಸೆಹಣ್ಣಿನಿಂದ ತೊಳೆಯುವ ಅಭ್ಯಾಸವಿದ್ದರೆ ಹುಳಿ ಸಂದುಗಳಲ್ಲಿ ನಿಲ್ಲದಂತೆ ಚೆನ್ನಾಗಿ ನೀರು ಹಾಕಿ ಒಣಬಟ್ಟೆಯಿಂದ ಒರೆಸಿ, ಇಲ್ಲವಾದರೆ ಅಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಪ್ರಭಾವಳಿಯನ್ನು ಹಿಡಿದು ಎತ್ತದೆ ಪೀಠದ ಕೆಳಗೆ ಕೈಯಿಟ್ಟು ಎತ್ತಿ. ದುರಸ್ತಿಯಾಗಿ ಬಂದ ಮೇಲೆ ಹೊಸ ಜಾಗದಲ್ಲಿಡಲು ವಿಶೇಷ ಮುಹೂರ್ತ ಬೇಕಾಗಿಲ್ಲ. ಒಂದು ದಿನವನ್ನು ಆರಿಸಿಕೊಳ್ಳಲೇಬೇಕೆಂದಿದ್ದರೆ ಸೋಮವಾರವಾದರೂ ಆದೀತು, ಇಲ್ಲವೇ ಮಾರ್ಗಶಿರ ಪುಷ್ಯಗಳ ಆಸುಪಾಸಿನಲ್ಲಿ ಬರುವ ಆರ್ದ್ರಾ ದರ್ಶನದವರೆಗೆ ಕಾಯಬಹುದು, ಅದು ಅವನದೇ ಹಬ್ಬ.